ಅಜ್ಜ ಪಾಸ್ತಾ ತಿಂದ ದಿನ: ಹೋಟೆಲಿನ ಬೆಂಚಿಗೂ ಒಂದು ಚರಿತ್ರೆ ಉಂಟು

ಈ ಸಲದ ಎಪಿಸೋಡು ಹೊಟ್ಟೆಗೆ ಸಂಬಂಧಪಟ್ಟದ್ದು.

ಕಳೆದ ತಿಂಗಳು ನನ್ನ ಅಜ್ಜ, ಅಂದ್ರೆ ಅಮ್ಮನ ಅಪ್ಪ, ಕಣ್ಣು ತೋರಿಸಲು ಪುತ್ತೂರಿಗೆ ಬಂದಿದ್ರು. ಅವರ ಮನೆ ಕಡಬದ ಕಡೆ, ವಯಸ್ಸು ಎಂಬತ್ತು ದಾಟಿದೆ. ಡಾಕ್ಟರ ಹತ್ರ ಕೆಲಸ ಮುಗಿಯುವಾಗ ಗಂಟೆ ಎರಡು. ಪೇಟೆಯ ಒಂದು ಸಣ್ಣ ಓಣಿಯಲ್ಲಿ ಆರೇ ಟೇಬಲಿನ ಒಂದು ಕೆಫೆ ಉಂಟು. ಪಿಜ್ಜಾ, ಪಾಸ್ತಾ ಮಾಡ್ತಾರೆ, ಹಳದಿ ಲೈಟು, ಗೋಡೆಯಲ್ಲಿ ಇಟಲಿಯ ಯಾವುದೋ ಊರಿನ ಚಿತ್ರ. ಹೆಸರು ಹೇಳುವುದಿಲ್ಲ, ಮತ್ತೆ ನೀವು ಜಾಹೀರಾತು ಅಂತೀರಿ. ಅಜ್ಜನನ್ನು ಅಲ್ಲಿಗೆ ಕರ್ಕೊಂಡು ಹೋದೆ.

ಬಾಗಿಲು ತೆಗೆದು ನಾನು ಒಳಗೆ ಹೋದೆ. ತಿರುಗಿ ನೋಡಿದ್ರೆ ಅಜ್ಜ ಮೆಟ್ಟಿಲಲ್ಲೇ ನಿಂತಿದ್ದಾರೆ, ಚಪ್ಪಲಿ ಕಳಚಿ ಬದಿಗೆ ಇಟ್ಟಿದ್ದಾರೆ. "ಒಳಗೆ ಕೂತ್ಕೊಳ್ಳಬಹುದಾ?" ಅಂತ ಕೇಳಿದ್ರು. ನಾನು ನಗಾಡಿದೆ. ಎಸಿ ಜಾಗ ನೋಡಿ ಸಂಕೋಚ ಆಗಿರಬೇಕು ಅಂದುಕೊಂಡೆ. ಆ ಪ್ರಶ್ನೆಯ ಹಿಂದೆ ಎಷ್ಟು ಉಂಟು ಅಂತ ಗೊತ್ತಾದದ್ದು ಊಟ ಮುಗಿದ ಮೇಲೆ. ಅದಕ್ಕೆ ಕೊನೆಗೆ ಬರ್ತೇನೆ.

ಮೊದಲು ಒಂದು ಹಳೆಯ ಊಟದ ಕಥೆ. ಇಟಲಿಯವನೊಬ್ಬ ನಮ್ಮ ಕಡೆ ಬಂದು ಉಂಡ ಕಥೆ. ವರ್ಷ 1623. ರೋಮ್ ಊರಿನ ಪಿಯೆತ್ರೊ ದೆಲ್ಲಾ ವಾಲೆ ಅನ್ನುವ ಪ್ರವಾಸಿ ಗೋವಾದಿಂದ ಹೊನ್ನಾವರ, ಇಕ್ಕೇರಿ ನೋಡಿ ಮಂಗಳೂರಿಗೆ ಬಂದ. ತೀರಿಹೋದ ಹೆಂಡತಿಯ ಶವವನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ದೇಶ ತಿರುಗಿದ ಮನುಷ್ಯ ಇವನು; ಅದು ಬೇರೆಯೇ ಎಪಿಸೋಡು. ಮಣೇಲಿನಲ್ಲಿ ಅವನು ಉಳ್ಳಾಲದ ರಾಣಿ ಅಬ್ಬಕ್ಕನನ್ನು ದಾರಿಯಲ್ಲೇ ಭೇಟಿಯಾದ. ರಾಣಿಯ ಮಗ ಅವನಿಗೆ ಊಟ ಹಾಕಿಸಿದ, ದೊಡ್ಡ ಬಾಳೆ ಎಲೆಯಲ್ಲಿ. ಪ್ರೀತಿಯಿಂದ ಹತ್ತಾರು ಪ್ರಶ್ನೆ ಕೇಳಿದ. ಆದರೆ ಒಟ್ಟಿಗೆ ಕೂತು ಉಣ್ಣಲಿಲ್ಲ. ಅತಿಥಿಗೆ ಬಡಿಸುವುದು ಬೇರೆ, ಅವನ ಪಂಕ್ತಿಯಲ್ಲಿ ಕೂರುವುದು ಬೇರೆ. ನಮ್ಮಲ್ಲಿ ಊಟದ ಚರಿತ್ರೆ ಅಂದ್ರೆ ಅರ್ಧ ಚರಿತ್ರೆ ಇದೇ: ಎಂತ ತಿಂದ್ರು ಅನ್ನುವುದಕ್ಕಿಂತ ಯಾರ ಪಕ್ಕ ಕೂತು ತಿಂದ್ರು ಅನ್ನುವುದು.

ಅಂದ ಹಾಗೆ, ದೆಲ್ಲಾ ವಾಲೆಗೆ ನೀವು ಇವತ್ತಿನ ರೆಡ್ ಸಾಸ್ ಪಾಸ್ತಾ ಕೊಟ್ಟಿದ್ರೆ ಅವನಿಗೂ ಅದು ಹೊಸತೇ. ಇಟಲಿಯಲ್ಲಿ ಟೊಮೆಟೊ ಸಾಸಿನ ಪಾಕ ಮೊದಲು ಅಚ್ಚಾದದ್ದು 1690ರ ದಶಕದಲ್ಲಿ, ನೇಪಲ್ಸಿನ ಒಂದು ಅಡುಗೆ ಪುಸ್ತಕದಲ್ಲಿ. ಟೊಮೆಟೊ ಅಮೆರಿಕ ಖಂಡದಿಂದ ಹಡಗು ಹತ್ತಿ ಬಂದದ್ದು. ನಮ್ಮ ಕೋಳಿ ಗಸಿಯ ಕೆಂಪು ಮೆಣಸೂ ಅಲ್ಲಿಂದಲೇ, ಪೋರ್ಚುಗೀಸರ ವ್ಯಾಪಾರದ ಜೊತೆ. ಹಾಗಾಗಿ ಶುದ್ಧ ನಮ್ಮದೇ ಅಡುಗೆ ಅಂತ ಯಾರಾದ್ರೂ ಜೋರು ಮಾಡಿದ್ರೆ ಸ್ವಲ್ಪ ನಿಧಾನ ಮಾರಾಯ್ರೆ ಅನ್ನಿ.

ಈಗ ಹೋಟೆಲಿಗೆ ಬರುವ. ದುಡ್ಡು ಕೊಟ್ಟ ಅಪರಿಚಿತನಿಗೆ ಅನ್ನ ಕೊಡುವ ಈ ವ್ಯಾಪಾರವನ್ನು ದೊಡ್ಡದು ಮಾಡಿದ್ದೇ ನಮ್ಮ ಕರಾವಳಿಯವರು. ಕೋಟದ ಹತ್ತಿರದ ಪಾರಂಪಳ್ಳಿಯ ಮಯ್ಯರು ಬೆಂಗಳೂರಲ್ಲಿ 1924ರಲ್ಲಿ ಶುರುಮಾಡಿದ್ದೇ ಇವತ್ತಿನ ಎಂಟಿಆರ್. ಕಡಂದಲೆಯ ಕೃಷ್ಣರಾಯರು ಮದ್ರಾಸಿನಲ್ಲಿ 1938ರಲ್ಲಿ ವುಡ್‌ಲ್ಯಾಂಡ್ಸ್ ತೆರೆದರು. ಎ. ರಾಮ ನಾಯಕರು ಮುಂಬೈಯ ಮಾಟುಂಗಾದಲ್ಲಿ 1942ರಲ್ಲಿ ಊಟದ ಹೋಟೆಲ್ ಹಾಕಿದರು. ಮಾಣಿಗಳಾಗಿ ಲೋಟ ತೊಳೆಯಲು ಹೋದ ಹುಡುಗರೇ ಮುಂದೆ ಗಲ್ಲಾದಲ್ಲಿ ಕೂತ ಕಥೆಗಳು ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟು.

ನಾನು ಬಿಕಾಂ ಓದಿದವ, ಹಾಗಾಗಿ ಲೆಕ್ಕದ ಕಣ್ಣಲ್ಲಿ ನೋಡ್ತೇನೆ. ಆ ಕಾಲಕ್ಕೆ ಹೋಟೆಲಿನ ಬ್ರ್ಯಾಂಡ್ ಎಂತದ್ದು? 'ಬ್ರಾಹ್ಮಣರ ಹೋಟೆಲ್' ಅನ್ನುವ ಬೋರ್ಡು. ಬ್ರಾಹ್ಮಣ ಮಾಡಿದ ಅಡುಗೆಯನ್ನು ಹೆಚ್ಚಿನ ಜಾತಿಯವರು ತಿನ್ನಬಹುದಿತ್ತು. ಅಂದ್ರೆ ಗಿರಾಕಿಗಳ ಸಂಖ್ಯೆ ಜಾಸ್ತಿ. ಮಡಿಯೇ ಮಾರ್ಕೆಟಿಂಗ್ ಆಯ್ತು. ಇದರಿಂದ ಒಂದು ಒಳ್ಳೆಯದೂ ಆಯ್ತು: ಹಿಂದೆ ಯಾವತ್ತೂ ಒಟ್ಟಿಗೆ ಕೂರದವರು ಒಂದೇ ಸೂರಿನ ಕೆಳಗೆ ಉಂಡರು. ಆದರೆ ಒಂದೇ ಸೂರು ಅಂದ್ರೆ ಒಂದೇ ಬೆಂಚು ಅಲ್ಲ. ಬ್ರಾಹ್ಮಣರಿಗೆ ಒಳಗಿನ ಕೋಣೆ, ಉಳಿದವರಿಗೆ ಹೊರಗಿನ ಹಾಲ್, ದಲಿತರಿಗೆ ಹಾಲೂ ಇಲ್ಲ. ದಕ್ಷಿಣದ ರೈಲ್ವೆ ನಿಲ್ದಾಣಗಳ ಊಟದ ಕೋಣೆಯಲ್ಲೂ ಬ್ರಾಹ್ಮಣರಿಗೆ ಪ್ರತ್ಯೇಕ ಜಾಗ ಇತ್ತು. ಪೆರಿಯಾರ್ ಮತ್ತು ಸಂಗಡಿಗರ ಹೋರಾಟದ ನಂತರ 1941ರಲ್ಲಿ ಅದು ಹೋಯ್ತು. ಮದ್ರಾಸಿನ ಒಂದು ಕೆಫೆಯ ಬೋರ್ಡಿನಿಂದ 'ಬ್ರಾಹ್ಮಣ' ಅನ್ನುವ ಶಬ್ದ ತೆಗೆಸಲು 1957ರಲ್ಲಿ ಜನ ದಿನಾ ಹೋಗಿ ಜೈಲು ಸೇರಬೇಕಾಯ್ತು. ನಮ್ಮ ಜಿಲ್ಲೆ ಕೂಡ 1956ರ ನವೆಂಬರ್ 1ರವರೆಗೆ ಅದೇ ಮದ್ರಾಸ್ ಆಡಳಿತದಲ್ಲಿ ಇತ್ತು, ನೆನಪಿರಲಿ.

ಇನ್ನು ಕಾನೂನು. 1950ರ ಜನವರಿ 26ರಂದು ಸಂವಿಧಾನ ಜಾರಿಗೆ ಬಂತು. ಅದರ 15ನೇ ವಿಧಿಯ ಎರಡನೇ ಭಾಗ ಓದಿದ್ದೀರಾ? ಜಾತಿ, ಧರ್ಮ, ಲಿಂಗದ ಕಾರಣಕ್ಕೆ ಯಾರನ್ನೂ ತಡೆಯಬಾರದ ಜಾಗಗಳ ಪಟ್ಟಿಯಲ್ಲಿ ಅಂಗಡಿ, ಹೋಟೆಲು, ಉಪಾಹಾರ ಗೃಹ ಅಂತ ಹೆಸರು ಹಿಡಿದೇ ಹೇಳಿದೆ. ಒಂದು ದೇಶದ ಸಂವಿಧಾನದಲ್ಲಿ ಹೋಟೆಲಿನ ಮಾತು ಯಾಕೆ ಬಂತು ಹೇಳಿ? ಬರೆದವರಿಗೆ ನಮ್ಮ ಬೆಂಚುಗಳ ಕಥೆ ಗೊತ್ತಿತ್ತು.

1955ರಲ್ಲಿ ಅಸ್ಪೃಶ್ಯತೆ ಅಪರಾಧಗಳ ಕಾಯ್ದೆ ಬಂತು. ಆಗ ಇದ್ದ ಶಿಕ್ಷೆ ಆರು ತಿಂಗಳವರೆಗೆ ಜೈಲು, ಇಲ್ಲವೇ 500 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆ ಕಾಯ್ದೆಯ ನಾಲ್ಕನೇ ಸೆಕ್ಷನ್ ಬಾಗಿಲಿಗೆ ನಿಲ್ಲುವುದಿಲ್ಲ, ಪಾತ್ರೆಯವರೆಗೂ ಹೋಗ್ತದೆ. ಹೋಟೆಲಿನಲ್ಲಿ ಎಲ್ಲರಿಗೂ ಅಂತ ಇಟ್ಟ ಪಾತ್ರೆಯನ್ನು ಬಳಸಲು ಬಿಡದಿದ್ರೆ ಅದೂ ಅಪರಾಧ. ಇದನ್ನು ನಾನು ಮೊದಲ ಸಲ ಓದಿದಾಗ ಎಂತ ಇಷ್ಟು ಸಣ್ಣ ವಿಷಯ ಅಂತ ಅನಿಸಿತ್ತು.

ಈಗ ವಾಪಸ್ ಕೆಫೆಗೆ. ಅಜ್ಜ ಪಾಸ್ತಾ ನೋಡಿ "ಇದು ಶ್ಯಾವಿಗೆಯ ಅಣ್ಣನಾ?" ಅಂದ್ರು. ಚಮಚ ಬೇಡ ಅಂತ ಕೈಯಲ್ಲೇ ತಿಂದ್ರು. ಖಾರ ಸಾಲದು ಅಂದ್ರು, ಆದರೆ ಪೂರ್ತಿ ಮುಗಿಸಿದ್ರು. ಮುಗಿದ ಮೇಲೆ ಎದ್ದು ತನ್ನ ಪ್ಲೇಟು, ನೀರಿನ ಗ್ಲಾಸು ಎರಡನ್ನೂ ಹಿಡ್ಕೊಂಡು ಕೈ ತೊಳೆಯುವ ಜಾಗಕ್ಕೆ ನಡೆದ್ರು. ನಳ್ಳಿ ತಿರುಗಿಸಿ ತೊಳೆಯಲು ಶುರುಮಾಡಿದ್ರು. ಕೆಫೆಯ ಹುಡುಗ ಓಡಿ ಬಂದು, "ಅಜ್ಜ, ನೀವು ಎಂತಕ್ಕೆ? ಅಲ್ಲೇ ಬಿಡಿ" ಅಂದ. ಅಜ್ಜ ನನ್ನ ಮುಖ ನೋಡಿದ್ರು.

ಬಸ್ಸಿನಲ್ಲಿ ಹೋಗುವಾಗ ಹೇಳಿದ್ರು. ನಮ್ಮದು ದಲಿತ ಕುಟುಂಬ. ಅಜ್ಜ ಹತ್ತು–ಹನ್ನೆರಡು ವರ್ಷದ ಹುಡುಗ ಆಗಿದ್ದಾಗ, ಅಪ್ಪನ ಜೊತೆ ಪೇಟೆಗೆ ಬಂದ್ರೆ ಚಾ ಕುಡಿಯುತ್ತಿದ್ದದ್ದು ಹೋಟೆಲಿನ ಹಿಂಬದಿಯಲ್ಲಿ ನಿಂತು. ಮಾಡಿನ ಸಂದಿಯಲ್ಲಿ ತೆಂಗಿನ ಗೆರಟೆ ಸಿಕ್ಕಿಸಿ ಇಟ್ಟಿರ್ತಿದ್ರು. ಅದನ್ನು ತಾವೇ ತೆಗೆಯಬೇಕು, ಮೇಲಿನಿಂದ ಹೊಯ್ದ ಚಾ ಕುಡಿಯಬೇಕು, ತೊಳೆದು ಅಲ್ಲೇ ಸಿಕ್ಕಿಸಿ ಹೋಗಬೇಕು. "ಕಾಸು ಮಾತ್ರ ಎಲ್ಲರಷ್ಟೇ" ಅಂದ್ರು. ಒಂದೇ ರೇಟು, ಒಬ್ಬನಿಗೆ ಚಾ, ಲೋಟ, ಬೆಂಚು, ಇನ್ನೊಬ್ಬನಿಗೆ ಬರೀ ಚಾ. ನನ್ನ ಯಾವ ಅಕೌಂಟ್ಸ್ ಪುಸ್ತಕದಲ್ಲೂ ಈ ಲೆಕ್ಕ ಇರಲಿಲ್ಲ.

ಗಮನಿಸಿ, ಸಂವಿಧಾನ ಬಂದು ಆಗಲೇ ಎರಡು ಮೂರು ವರ್ಷ ಆಗಿತ್ತು. "ಹಾಗಾದ್ರೆ ಒಳಗೆ ಕೂತದ್ದು ಯಾವಾಗ ಅಜ್ಜ?" ಅಂತ ಕೇಳಿದೆ. ಇಂಥ ದಿನ ಅಂತ ಇಲ್ಲವಂತೆ. ಗೆರಟೆ ಹೋಗಿ ಬೇರೆ ಗ್ಲಾಸು ಬಂತು, ಆಮೇಲೆ ಹೊರಗಿನ ಜಗಲಿ, ಆಮೇಲೆ ಒಳಗೆ ಮೂಲೆಯ ಬೆಂಚು. ಪ್ರತಿ ಸಲ ಯಾರೋ ಒಬ್ಬ ಧೈರ್ಯ ಮಾಡಿ ಕೂತ, ಗಲ್ಲಾದಲ್ಲಿದ್ದವರು ಕಂಡೂ ಕಾಣದ ಹಾಗೆ ಇದ್ರು. ಒಬ್ಬ ಬೈಸಿಕೊಂಡು ಎದ್ದು ಬಂದದ್ದೂ ಉಂಟಂತೆ.

ನಾನು ಕಾಲೇಜು ದಿನಗಳಲ್ಲಿ ಪುತ್ತೂರು, ಸುಳ್ಯದ ಎಷ್ಟೋ ಹೋಟೆಲುಗಳಲ್ಲಿ ಬನ್ಸ್, ಸಜ್ಜಿಗೆ–ಬಜಿಲು ತಿಂದು ಗಂಟೆಗಟ್ಟಲೆ ಕೂತವ. ಏಳು ಅಂತ ಹೇಳಿದ್ರೆ ಸಿಟ್ಟು ಬರ್ತಿತ್ತು. ಆ ಸಿಟ್ಟು ಬರುವಷ್ಟು ಹಕ್ಕು ನನಗೆ ಯಾರಿಂದ ಬಂತು ಅಂತ ಯೋಚನೆ ಮಾಡಿದವನೇ ಅಲ್ಲ.

ನಿಮಗೊಂದು ಕೆಲಸ ಕೊಡ್ತೇನೆ. ನಿಮ್ಮ ಮನೆಯ ಅಜ್ಜ–ಅಜ್ಜಿಯ ಹತ್ರ ಕೇಳಿ: ಮೊದಲ ಸಲ ಹೋಟೆಲಿನ ಒಳಗೆ ಕೂತು ತಿಂದದ್ದು ಯಾವಾಗ, ಪಕ್ಕದಲ್ಲಿ ಯಾರಿದ್ರು, ಹೊರಗೆ ಯಾರು ನಿಂತಿದ್ರು. ಯಾವ ಜಾತಿಯ ಮನೆಯಾದ್ರೂ ಕೇಳಿ. ಒಳಗೆ ಕೂತವರ ನೆನಪೂ ಬೇಕು, ಹೊರಗೆ ನಿಂತವರದ್ದೂ ಬೇಕು. ಫೋನಿನಲ್ಲಿ ರೆಕಾರ್ಡ್ ಮಾಡಿ ಇಡಿ, ಅವರ ಒಪ್ಪಿಗೆ ಕೇಳಿ ಮತ್ತೆ.

ಮುಂದಿನ ತಿಂಗಳು ಅಜ್ಜನಿಗೆ ಕಣ್ಣಿನ ಇನ್ನೊಂದು ಚೆಕಪ್ ಉಂಟು. "ಆ ಉದ್ದ ಶ್ಯಾವಿಗೆ ಬೇಡ, ಬೇರೆ ಎಂತ ಉಂಟು ಅಲ್ಲಿ?" ಅಂತ ಈಗಲೇ ಕೇಳಿದ್ದಾರೆ. ಪಿಜ್ಜಾ ಅಂತ ಹೇಳಿದ್ದೇನೆ. ಸಿಗುವ.