ಒಂದೇ ಅಳತೆಯ ಗೆರೆ

ನಾನು ಚರಿತ್ರೆಯ ಮೇಡಂ. ಮೂವತ್ತು ವರ್ಷಗಳಿಂದ ಹೈಸ್ಕೂಲಿನ ಮಕ್ಕಳಿಗೆ ಪಾಣಿಪತ್ ಕದನ ಎಷ್ಟು, ಮೈಸೂರು ಯುದ್ಧ ಎಷ್ಟು ಎಂದು ಬೆರಳು ಮಡಿಸಿ ಎಣಿಸುವುದನ್ನು ಕಲಿಸುತ್ತ ಬಂದವಳು. ಅಂಥವಳು ಈಗ ವಿಡಿಯೋ ಗೇಮಿನ ಹೊಡೆದಾಟದ ಚರಿತ್ರೆ ಬರೆಯಲು ಕೂತಿದ್ದೇನೆಂದರೆ ನೀವು ನಗಬಹುದು. ನಮ್ಮ ಮನೆಯವರೂ ನಕ್ಕರು. "ಪಿಂಚಣಿ ಹತ್ತಿರ ಬಂತು, ಬುದ್ಧಿ ಹಿಂದಕ್ಕೆ ಹೋಯ್ತು" ಎಂದರು. ಇರಲಿ, ನಕ್ಕು ಮುಗಿದ ಮೇಲೆ ಕೇಳಿ.

1993ರ ಮಾತು. ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿದ ಹೊಸತು. ನನ್ನ ತಮ್ಮ ಆಗ ಎಸ್ಸೆಸ್ಸೆಲ್ಸಿ. ಬಸ್‌ಸ್ಟ್ಯಾಂಡಿನ ಹಿಂದೆ ಒಂದು ವಿಡಿಯೋ ಗೇಮಿನ ಅಂಗಡಿ ಶುರುವಾಗಿತ್ತು. ಅಮ್ಮ ಸಾರಿನ ಪುಡಿ ತರಲು ಕೊಟ್ಟ ದುಡ್ಡೆಲ್ಲ ಒಂದೊಂದು ರೂಪಾಯಿಯ ನಾಣ್ಯವಾಗಿ ಆ ಪೆಟ್ಟಿಗೆಯ ಹೊಟ್ಟೆ ಸೇರುತ್ತಿತ್ತು. "ಹೋಗೇ, ಅವನ ಕಿವಿ ಹಿಡಿದು ಕರ್ಕೊಂಡ್ ಬಾ" ಎಂದು ಅಮ್ಮ ನನ್ನನ್ನು ಅಟ್ಟುತ್ತಿದ್ದರು. ನಾನು ಹೊಸ್ತಿಲಲ್ಲೇ ನಿಂತು ಕೂಗುತ್ತಿದ್ದೆ. ಒಳಗೆ ಹೋಗುವ ಹಾಗಿರಲಿಲ್ಲ. ಬೀಡಿಯ ಹೊಗೆ, ಗಂಡು ಹುಡುಗರ ಗುಂಪು. ಆ ಅಂಗಡಿಯಲ್ಲಿ ಇದ್ದ ಹೆಣ್ಣು ಒಬ್ಬಳೇ, ಅವಳೂ ಗಾಜಿನ ಹಿಂದೆ. ನೀಲಿ ಉಡುಪು, ತಲೆಯ ಎರಡು ಪಕ್ಕಕ್ಕೂ ಬಿಳಿ ಬಟ್ಟೆ ಸುತ್ತಿದ ತುರುಬು. ತನಗಿಂತ ಎರಡು ಪಟ್ಟು ದೊಡ್ಡ ಪೈಲ್ವಾನನನ್ನು ಕಾಲಲ್ಲಿ ಪಟಪಟನೆ ಒದ್ದು ಕೆಡವಿ, ಕುಂಟೆಬಿಲ್ಲೆ ಗೆದ್ದ ಹುಡುಗಿಯ ಹಾಗೆ ಕುಪ್ಪಳಿಸಿ ನಕ್ಕಳು. ತಮ್ಮನ ಕಿವಿ ಹಿಡಿಯುವುದನ್ನು ಒಂದು ಗಳಿಗೆ ಮರೆತೆ.

ಅವಳ ಹೆಸರು ಚುನ್ ಲೀ, ಆಟದ ಹೆಸರು ಸ್ಟ್ರೀಟ್ ಫೈಟರ್ ಎಂದು ತಿಳಿದದ್ದು ಮನೆಗೆ ಬರುವ ದಾರಿಯಲ್ಲಿ. ಜಪಾನಿನ ಕ್ಯಾಪ್‌ಕಾಮ್ ಕಂಪನಿ 1987ರಲ್ಲಿ ಮೊದಲ ಆಟ ತಂದಿತು. ಅದರಲ್ಲಿ ಆಡುವವರಿಗೆ ಸಿಗುತ್ತಿದ್ದವರು ಇಬ್ಬರೇ, ರ್ಯೂ ಮತ್ತು ಕೆನ್. 1991ರಲ್ಲಿ ಎರಡನೆಯದು ಬಂತು. ಅದರಲ್ಲಿ ಎಂಟು ಮಂದಿ. ಯಾರು ಬೇಕೋ ಅವರನ್ನು ಆರಿಸಿಕೊಂಡು ದೇಶದೇಶಕ್ಕೆ ಹಾರಿ ಕಾದಾಡಬಹುದು. ಕೊನೆಯಲ್ಲಿ ಎದುರಾಗುವ ಖಳರು ಬೇರೆ ನಾಲ್ವರು.

ಅದನ್ನೊಂದು ಭೂಪಟ ಎಂದುಕೊಳ್ಳಿ. ಜಪಾನಿಗೆ ಸುಮೋ ಮಲ್ಲ ಹೊಂಡ, ಅಮೆರಿಕಕ್ಕೆ ವಾಯುಪಡೆಯ ಗೈಲ್, ಬ್ರೆಜಿಲ್ಲಿಗೆ ಮೈಯಿಂದ ವಿದ್ಯುತ್ತು ಹೊಮ್ಮಿಸುವ ಹಸಿರು ಮನುಷ್ಯ ಬ್ಲಾಂಕ. ನೋಡಿದರೆ ಹೆದರಿಕೆ ಬರಬೇಕು. ಆದರೆ ಅವನ ಕಥೆಯ ಕೊನೆಯಲ್ಲಿ ತಾಯಿ ಬಂದು, ಕಾಲಿನ ಕಡಗ ನೋಡಿ, ಕಳೆದುಹೋದ ಮಗ ಇವನೇ ಎಂದು ಗುರುತು ಹಿಡಿಯುತ್ತಾಳೆ. ನಮ್ಮ ಅಜ್ಜಿಯರ ಕಥೆಗಳಂತೆಯೇ! ರಷ್ಯದ ಕುಸ್ತಿಪಟು ಜಾಂಗೀಫ್ ಗೆದ್ದರೆ ಗೋರ್ಬಚೆವ್‌ರನ್ನೇ ಹೋಲುವ ಒಬ್ಬರು ಬಂದು ಅವನೊಡನೆ ಕುಣಿಯುತ್ತಾರೆ. ಆಟ ಬಂದ ವರ್ಷವೇ, 1991ರ ಡಿಸೆಂಬರಿನಲ್ಲಿ, ಸೋವಿಯತ್ ಒಕ್ಕೂಟ ಇಲ್ಲವಾಯಿತು. ನಾನು ಪಾಠದಲ್ಲಿ ಆ ದೇಶದ ಹೆಸರು ಬದಲಾಯಿಸಿ ಹೇಳುತ್ತಿದ್ದಾಗಲೂ ಅಂಗಡಿಯ ಪೆಟ್ಟಿಗೆಯಲ್ಲಿ ಅವನು ಕುಣಿಯುತ್ತಲೇ ಇದ್ದ.

ಖಳರಲ್ಲಿ ಮೂವರ ಹೆಸರಿನದು ಇನ್ನೊಂದು ತಮಾಷೆ. ಜಪಾನಿನಲ್ಲಿ ಬಾಕ್ಸರನ ಹೆಸರು ಎಂ. ಬೈಸನ್. ಹೆಸರೂ ರೂಪವೂ ಮೈಕ್ ಟೈಸನ್‌ನನ್ನು ನೆನಪಿಸುತ್ತದೆ, ಕೋರ್ಟು ಕಚೇರಿ ಹತ್ತಬೇಕಾದೀತು ಎಂದು ಹೆದರಿ, ಹೊರದೇಶಗಳಿಗೆ ಕಳಿಸುವಾಗ ಮೂವರ ಹೆಸರನ್ನೂ ಅದಲುಬದಲು ಮಾಡಿದರು. ಹಾಗಾಗಿ ಇಂದಿಗೂ ಆ ಮೂವರಿಗೆ ಜಪಾನಿನಲ್ಲಿ ಒಂದು ಹೆಸರು, ಹೊರಗೆ ಇನ್ನೊಂದು.

ನಮ್ಮ ದೇಶದ ಪಾಲಿಗೆ ಬಂದವನು ಧಾಲ್ಸಿಮ್ ಎಂಬ ಯೋಗಿ. ಬೋಳು ತಲೆ, ಕಡ್ಡಿಯಂಥ ಮೈ, ಕೊರಳಲ್ಲಿ ತಲೆಬುರುಡೆಯ ಸರ, ರಬ್ಬರಿನಂತೆ ಉದ್ದವಾಗುವ ಕೈಕಾಲು, "ಯೋಗ ಫೈರ್" ಎಂದು ಬಾಯಿಂದ ಬೆಂಕಿ. ಅವನ ಕಣದ ಸುತ್ತ ಆನೆಗಳು. ಅವನ ಹೆಂಡತಿಯ ಹೆಸರೋ ಸ್ಯಾಲಿ, ಮಗ ದತ್ತ! ಯೋಗ ಎಂದರೆ ಇದೇ ಏನು ಎಂದು ನನಗೆ ಆಗ ಸಿಟ್ಟು ಬಂದಿತ್ತು. ಆ ಬುರುಡೆಗಳು ಅವನ ಹಳ್ಳಿಯಲ್ಲಿ ಪಿಡುಗಿಗೆ ಸಿಕ್ಕಿ ಸತ್ತ ಮಕ್ಕಳವು, ಅವನು ಹೊಡೆದಾಡುವುದು ಬಡ ಹಳ್ಳಿಗೆ ಹಣ ಕೂಡಿಸಲು ಎಂದು ತಿಳಿದ ಮೇಲೆ ಸಿಟ್ಟು ಅರ್ಧ ಇಳಿಯಿತು. ಉಳಿದರ್ಧ ಇನ್ನೂ ಇದೆ. 1994ರ ಸಿನಿಮಾದಲ್ಲಿ ಧಾಲ್ಸಿಮ್ ಆದವರು ರೋಶನ್ ಸೇಠ್. 1988ರಲ್ಲಿ ದೂರದರ್ಶನದ 'ಭಾರತ್ ಏಕ್ ಖೋಜ್'ನಲ್ಲಿ ನೆಹರೂ ಆಗಿ ನಮಗೆಲ್ಲ ಚರಿತ್ರೆ ಹೇಳಿದರಲ್ಲ, ಅವರೇ.

ಇನ್ನು ಚುನ್ ಲೀ. ಚೀನಾದವಳು, ಇಂಟರ್‌ಪೋಲಿನ ಅಧಿಕಾರಿ, ತಂದೆಯನ್ನು ಕೊಂದವನನ್ನು ಹುಡುಕಿ ಹೊರಟವಳು. ಎಂಟು ಮಂದಿಯಲ್ಲಿ ಅವಳೊಬ್ಬಳೇ ಹೆಣ್ಣು. ಆಟದಲ್ಲಿ ಪ್ರತಿಯೊಬ್ಬರಿಗೂ ಪರದೆಯ ಮೇಲ್ಗಡೆ ಒಂದು ಹಳದಿ ಗೆರೆ ಇರುತ್ತದೆ. ಹುಡುಗರು ಅದನ್ನು "ಲೈಫ್" ಎನ್ನುತ್ತಾರೆ. ಏಟು ಬಿದ್ದಂತೆಲ್ಲ ಅದು ಕುಗ್ಗುತ್ತದೆ, ಮುಗಿದರೆ ಸೋಲು. ಆಟ ರೂಪಿಸಿದವರಲ್ಲಿ ಮುಖ್ಯರು ಅಕಿರ ನಿಶಿತಾನಿ ಮತ್ತು ಚಿತ್ರಕಾರ ಅಕಿರ ಯಸುದ. ಹೆಂಗಸರಿಗೆ ಅಷ್ಟು ಬಲವಿರುವುದಿಲ್ಲ, ಚುನ್ ಲೀಯ ಗೆರೆ ಉಳಿದವರದಕ್ಕಿಂತ ಗಿಡ್ಡ ಇರಲಿ ಎಂಬ ಯೋಚನೆ ನಿಶಿತಾನಿಯವರಿಗೆ ಬಂದಿತ್ತಂತೆ. ಯಸುದ ಒಪ್ಪಲಿಲ್ಲ. ಇದನ್ನು ಯಸುದ ಅವರೇ ಬಹಳ ವರ್ಷಗಳ ನಂತರ ಹೇಳಿದ್ದಾರೆ. ಅವರು ಸುಮ್ಮನಿದ್ದಿದ್ದರೆ, ಅಂದು ನಾನು ಹೊಸ್ತಿಲಲ್ಲಿ ನಿಂತು ಕಂಡ ಆ ಗೆಲುವು ಸಿಗುತ್ತಿತ್ತೋ ಇಲ್ಲವೋ.

ಈ ಗೆರೆಯ ಕಥೆ ನನಗೆ ಹೇಳಿದ್ದು ನನ್ನ ಮಗಳು. ಹೋದ ದೀಪಾವಳಿಗೆ ತಮ್ಮ ಸಂಸಾರ ಸಮೇತ ಬಂದಿದ್ದ. ಈಗ ಅವನು ಬ್ಯಾಂಕಿನ ಮ್ಯಾನೇಜರು, ಮೀಸೆಯೂ ನರೆತಿದೆ. ಅವನ ಮಕ್ಕಳು ಟಿ.ವಿ.ಗೆ ಏನೋ ಸಿಕ್ಕಿಸಿ 2023ರಲ್ಲಿ ಬಂದ ಆರನೆಯ ಸ್ಟ್ರೀಟ್ ಫೈಟರ್ ಹಚ್ಚಿದರು. "ಅಕ್ಕಾ, ಬಾ ಇಲ್ಲಿ, ನಿನ್ನ ಫ್ರೆಂಡು ಬಂದಿದ್ದಾಳೆ" ಎಂದು ತಮ್ಮ ಕರೆದ. ಅದೇ ನೀಲಿ, ಅದೇ ಎರಡು ತುರುಬು. ಈಗ ಅವಳು ಮಕ್ಕಳಿಗೆ, ನೆರೆಹೊರೆಯವರಿಗೆ ಕುಂಗ್‌ಫು ಹೇಳಿಕೊಡುತ್ತಾಳಂತೆ. ಲೀ ಫೆನ್ ಎಂಬ ಹುಡುಗಿಯೊಬ್ಬಳನ್ನು ಸಾಕುತ್ತಿದ್ದಾಳಂತೆ. ಅವಳೂ ನನ್ನ ಹಾಗೆ ಮೇಡಂ ಆದಳಲ್ಲ ಎಂದು ಖುಷಿಪಟ್ಟೆ.

ಅಡುಗೆಮನೆಯಲ್ಲಿ ಅವರೆಕಾಳು ಬಿಡಿಸುತ್ತ ಕೂತಿದ್ದಾಗ ಮಗಳು ಗೆರೆಯ ಕಥೆ ಹೇಳಿದಳು. ಹೇಳಿ, ಕಾಳಿನಿಂದ ತಲೆ ಎತ್ತದೆಯೇ, "ನೀನು ನನ್ನ ಗೆರೆ ಗಿಡ್ಡ ಮಾಡಿದೆ, ಅಲ್ವಾಮ್ಮ?" ಎಂದಳು.

2009ರಲ್ಲಿ ಅಣ್ಣತಂಗಿ ಇಬ್ಬರನ್ನೂ ಕರಾಟೆ ತರಗತಿಗೆ ಸೇರಿಸಿದ್ದೆವು. ಎಂಟು ತಿಂಗಳಿಗೆ ಅವಳಿಗೆ ಹಳದಿ ಬೆಲ್ಟು ಬಂತು. ಮರುತಿಂಗಳೇ ದೊಡ್ಡವಳಾದಳು. "ಇನ್ನು ಸಾಕು" ಎಂದೆ. ಅತ್ತೆಯವರು ಹೇಳಿದರು, ಬೀದಿಯವರು ನೋಡುತ್ತಾರೆ, ಹೆಚ್ಚುಕಮ್ಮಿ ಏಟು ಬಿದ್ದರೆ ಎಂದೆಲ್ಲ ಕಾರಣ ಕೊಟ್ಟುಕೊಂಡೆ. ಹೇಳಿದ ಬಾಯಿ ಮಾತ್ರ ನನ್ನದೇ. ಅಣ್ಣ ಹೋಗುತ್ತಲೇ ಇದ್ದ, ಬೇಸರ ಬಂದಾಗ ತಾನೇ ಬಿಟ್ಟ. ಅದೇ ವಾರ ಶಾಲೆಯಲ್ಲಿ ಒನಕೆ ಓಬವ್ವನ ಪಾಠ ಮಾಡಿದ್ದೆನೋ ಏನೋ. ಪ್ರತಿ ವರ್ಷ ಮಾಡುತ್ತೇನೆ, ಮೈ ಜುಮ್ಮೆನ್ನುವ ಹಾಗೆ ಮಾಡುತ್ತೇನೆಂದು ಮಕ್ಕಳು ಹೇಳುತ್ತಾರೆ.

"ಹೌದು ಕಣೆ, ಮಾಡಿದೆ" ಎಂದೆ. ಬೇರೆ ಉತ್ತರ ಇರಲಿಲ್ಲ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಬೆಲ್ಟು ಎಲ್ಲಿದೆ?" ಎಂದು ಕೇಳಿದಳು. ಗೊತ್ತಿಲ್ಲ ಎಂದೆ.

ಅವರೆಲ್ಲ ಊರಿಗೆ ಹೋದ ಮೇಲೆ ಹುಡುಕಿದೆ. ಅಟ್ಟದ ಮೇಲೆ ನೆಂಟರಿಗೆಂದು ಇಟ್ಟ ಹಾಸಿಗೆಯ ಸುರುಳಿಗೆ ಕಟ್ಟಿತ್ತು. ಕಟ್ಟಿದವಳು ನಾನೇ. ದಾರ ಗಟ್ಟಿಯಿದೆ ಎಂದು ಕಟ್ಟಿರಬೇಕು. ಬಿಚ್ಚಿ, ಒಗೆದು, ಇಸ್ತ್ರಿ ಮಾಡಿ ಅವಳ ಬೀರುವಿನಲ್ಲಿ ಇಟ್ಟಿದ್ದೇನೆ. ಬಣ್ಣ ಮಾಸಿದೆ. ಉದ್ದ ಮಾತ್ರ ಅಷ್ಟೇ ಇದೆ. ಸಂಕ್ರಾಂತಿಗೆ ಅವಳು ಬರುತ್ತಾಳೆ.