ಪಾಸಿಗೂ ಒಂದು ಗಡಿ
ಪುತ್ತೂರು, ಸುಳ್ಯ, ಕಡಬದಿಂದ ಪೇಟೆಗೆ ಹೋಗುವವರ ಟಿಕೆಟಿನ ಚರಿತ್ರೆ

ಸುಳ್ಯದಿಂದ ಮಂಗಳೂರಿಗೆ ಹೋಗಿ ಬರಲು ಎಷ್ಟು ಖರ್ಚಾಗುತ್ತದೆ? ಹೋಗುವವರು ಹೆಣ್ಣೋ ಗಂಡೋ, ವಿದ್ಯಾರ್ಥಿಯೋ ಹಿರಿಯರೋ, ಕರ್ನಾಟಕದವರೋ ಗಡಿಯಾಚೆಯವರೋ, ಹತ್ತುವ ಬಸ್ಸು ಸರಕಾರದ್ದೋ ಖಾಸಗಿಯದ್ದೋ ಎಂಬುದರ ಮೇಲೆ ಲೆಕ್ಕ ಬದಲಾಗುತ್ತದೆ. ರಸ್ತೆ ಒಂದೇ, ದೂರ ಸುಮಾರು 85 ಕಿಲೋಮೀಟರ್. ಆದರೆ ದರ ಮಾತ್ರ ಹಲವು. ಇದು ಯಾವನೋ ಅಧಿಕಾರಿ ನಿನ್ನೆ ಮೊನ್ನೆ ಮಾಡಿದ ಗೊಂದಲವಲ್ಲ. ಎಪ್ಪತ್ತು ವರ್ಷಗಳ ಹಿಂದೆ ಎಳೆದ ಗೆರೆಗಳು ಇಂದಿಗೂ ನಮ್ಮ ಜೇಬನ್ನು ಮುಟ್ಟುತ್ತಿವೆ.

ಹಳೆಯ ಮೈಸೂರು ಸೀಮೆಯಲ್ಲಿ ಸರಕಾರ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಂದಿಗೆ ತನ್ನದೇ ಸಾರಿಗೆಯನ್ನು ಆರಂಭಿಸಿತು. ಆಗ ನಮ್ಮ ದಕ್ಷಿಣ ಕನ್ನಡ ಮದ್ರಾಸ್ ರಾಜ್ಯದಲ್ಲಿತ್ತು. ಮದ್ರಾಸ್ ಸರಕಾರ ರಾಜಧಾನಿಯ ನಗರ ಬಸ್ಸುಗಳನ್ನು ಕೈಗೆತ್ತಿಕೊಂಡಿತೇ ಹೊರತು ಜಿಲ್ಲೆಗಳ ದಾರಿಗಳನ್ನು ಖಾಸಗಿಯವರಿಗೇ ಬಿಟ್ಟಿತ್ತು. ಹೀಗಾಗಿ 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾದಾಗ ಕರಾವಳಿ ತನ್ನ ಖಾಸಗಿ ಬಸ್ಸುಗಳ ಸಹಿತವೇ ಮೈಸೂರು ರಾಜ್ಯಕ್ಕೆ ಬಂತು. ಅದೇ ದಿನ ಕಾಸರಗೋಡು ಕೇರಳಕ್ಕೆ ಹೋಯಿತು. ಅದರ ಕಥೆಗೆ ಮತ್ತೆ ಬರೋಣ.

1939ರ ಮೋಟಾರು ವಾಹನ ಕಾಯ್ದೆಗೆ 1956ರಲ್ಲಿಯೇ ಹೊಸ ಅಧ್ಯಾಯವೊಂದು ಸೇರಿತು. ಸರಕಾರಿ ಸಾರಿಗೆ ಸಂಸ್ಥೆ ಒಂದು ದಾರಿಗೆ ಯೋಜನೆ ಪ್ರಕಟಿಸಿ, ಆಕ್ಷೇಪಗಳನ್ನು ಕೇಳಿದ ನಂತರ ಅದಕ್ಕೆ ಮಂಜೂರಾತಿ ಸಿಕ್ಕಿದರೆ ಆ ದಾರಿ ರಾಷ್ಟ್ರೀಕೃತ. ಖಾಸಗಿಯವರ ಪರ್ಮಿಟ್ ರದ್ದು. ಪರ್ಮಿಟಿನ ಉಳಿದ ಅವಧಿಗೆ ತಿಂಗಳಿಗೆ 200 ರೂಪಾಯಿ ಪರಿಹಾರ. ಬಸ್ಸನ್ನೇ ನಂಬಿ ಕುಟುಂಬ ಕಟ್ಟಿದವರಿಗೆ ಈ ಮೊತ್ತ ಹೇಗೆ ಕಂಡಿರಬಹುದೆಂದು ಊಹಿಸಬಹುದು. ಆದರೆ ಒಂದು ಮಾತನ್ನೂ ಸೇರಿಸಬೇಕು. ಲಾಭ ಹುಟ್ಟದ ದಾರಿಗೂ ಬಸ್ಸು ಓಡಿಸಬೇಕೆಂದು ಹಳ್ಳಿಯವರು ಯಾರ ಬಳಿ ಹಕ್ಕಿನಿಂದ ಕೇಳಬಹುದಿತ್ತು? ಖಾಸಗಿ ಮಾಲೀಕನ ಬಳಿಯಂತೂ ಅಲ್ಲ.

ರಾಷ್ಟ್ರೀಕರಣ ಜಿಲ್ಲೆಯ ಎಲ್ಲೆಡೆ ಒಂದೇ ಪ್ರಮಾಣದಲ್ಲಿ ಆಗಲಿಲ್ಲ. ಮಂಗಳೂರು ನಗರ, ಉಡುಪಿಯ ಕಡೆಯ ಕರಾವಳಿ ದಾರಿಗಳಲ್ಲಿ ಖಾಸಗಿ ಬಸ್ಸುಗಳದ್ದೇ ಕಾರುಬಾರು ಉಳಿಯಿತು. ಪುತ್ತೂರು, ಸುಳ್ಯ, ಉಪ್ಪಿನಂಗಡಿ, ಕಡಬ, ಸುಬ್ರಹ್ಮಣ್ಯದ ಕಡೆ ಸರಕಾರಿ ಬಸ್ಸು ಬೇರೂರಿತು. 1961ರಲ್ಲಿ ನಿಗಮವಾಗಿ, 1973ರಲ್ಲಿ ಕರ್ನಾಟಕದ ಹೆಸರು ಪಡೆದ ಕೆ.ಎಸ್.ಆರ್.ಟಿ.ಸಿ.ಗೆ ಇಂದು ಪುತ್ತೂರಿನಲ್ಲಿಯೇ ವಿಭಾಗೀಯ ಕಚೇರಿಯಿದೆ. ಕಡಬ ತಾಲೂಕಾದದ್ದು ತೀರಾ ಇತ್ತೀಚೆಗೆ. ತಾಲೂಕು ಕಚೇರಿಗಿಂತ ಬಹಳ ಮೊದಲೇ ಕೆಂಪು ಬಸ್ಸು ಅಲ್ಲಿಗೆ ತಲುಪಿತ್ತು.

ಒಂದು ಜಿಲ್ಲೆಯಲ್ಲಿ ಎರಡು ಬಗೆಯ ಬಸ್ಸುಗಳಿದ್ದರೆ ಏನಾಯಿತು ಎಂದು ಕೇಳುವವರಿದ್ದಾರೆ. ಪಾಸ್ ಎಂಬ ಪುಟ್ಟ ಕಾರ್ಡನ್ನು ನೋಡಿದರೆ ಇದು ಅರ್ಥವಾಗುತ್ತದೆ. ಸರಕಾರಿ ಬಸ್ಸಿನ ವಿದ್ಯಾರ್ಥಿ ಪಾಸ್ ಇಲ್ಲದಿದ್ದರೆ ಈ ಮೂರು ತಾಲೂಕುಗಳ ಅಡಿಕೆ ತೋಟದ ಕೂಲಿಯವರ, ಬೀಡಿ ಕಟ್ಟುವವರ ಎಷ್ಟು ಮಕ್ಕಳು ಕಾಲೇಜಿನ ಮೆಟ್ಟಿಲು ಹತ್ತುತ್ತಿದ್ದರು? ವರ್ಷಕ್ಕೊಮ್ಮೆ ಹಣ ಕಟ್ಟಿದರೆ ಪ್ರತಿದಿನ ಬೆಳಿಗ್ಗೆ ತಾಯಿಯ ಕೈಗೆ ನೋಡಬೇಕಾಗಿಲ್ಲ. ಹಣದ ವಿಷಯದಲ್ಲಿ ಮನೆಯ ಗಂಡುಮಗು ಮೊದಲು, ಹೆಣ್ಣುಮಗು ಆಮೇಲೆ ಎಂಬ ರೂಢಿ ನಮ್ಮ ಸಮುದಾಯದ ಮನೆಗಳಲ್ಲಿಯೂ ಇತ್ತು, ಬೇರೆಯವರ ಮನೆಗಳಲ್ಲಿಯೂ ಇತ್ತು. ಬಸ್ ಪಾಸ್ ಆ ವಾದದ ಬಲವನ್ನು ಸ್ವಲ್ಪ ಕುಗ್ಗಿಸಿತು.

ಆದರೆ ಪಾಸಿಗೂ ಒಂದು ಗಡಿ ಇದೆ. ವಿದ್ಯಾರ್ಥಿ ಪಾಸಿನ ಮಿತಿ 60 ಕಿಲೋಮೀಟರ್. ಪುತ್ತೂರಿನಿಂದ ಮಂಗಳೂರಿಗೆ ಐವತ್ತರ ಆಸುಪಾಸು. ಹಾಗಾಗಿ ಪುತ್ತೂರಿನ ಹುಡುಗ ಪಾಸಿನಲ್ಲಿ ಮಂಗಳೂರಿನ ಕಾಲೇಜು ಮುಟ್ಟುತ್ತಾನೆ. ಸುಳ್ಯದ ಹುಡುಗನಿಗೂ ಕಡಬದ ಹುಡುಗನಿಗೂ ಮಂಗಳೂರು ಆ ಮಿತಿಯ ಆಚೆಗಿದೆ. ಹತ್ತಿರದ ಕಾಲೇಜಿಗೆ ಸೇರು, ಇಲ್ಲವೆ ಮಂಗಳೂರಿನಲ್ಲಿ ಹಾಸ್ಟೆಲ್ ಹುಡುಕು. ಮಿತಿಯನ್ನು ಬರೆದವರಿಗೆ ಬಹುಶಃ ನಕ್ಷೆಯಲ್ಲಿ ಸುಳ್ಯ ಕಂಡಿರಲಿಕ್ಕಿಲ್ಲ. ಅಂಗವಿಕಲರ ಪಾಸಿಗೆ 100 ಕಿಲೋಮೀಟರಿನ ಮಿತಿ ಇರುವಾಗ ವಿದ್ಯಾರ್ಥಿಗೂ ಅಷ್ಟು ಕೊಡಲು ಬಾರದೇ ಎಂಬುದು ನಮ್ಮ ಪ್ರಶ್ನೆ.

2023ರ ಜೂನ್ 11ರಂದು ಬಂದ ಶಕ್ತಿ ಯೋಜನೆ ಈ ಲೆಕ್ಕವನ್ನು ಅರ್ಧಕ್ಕೆ ಬದಲಿಸಿತು. ಕರ್ನಾಟಕದ ನಿವಾಸಿಗಳಾದ ಮಹಿಳೆಯರಿಗೆ, ಲಿಂಗತ್ವ ಅಲ್ಪಸಂಖ್ಯಾತರಿಗೆ ಸಾಮಾನ್ಯ ಹಾಗೂ ವೇಗದೂತ ಬಸ್ಸುಗಳಲ್ಲಿ ರಾಜ್ಯದೊಳಗೆ ಉಚಿತ ಪ್ರಯಾಣ. ರಾಜಹಂಸ, ಐರಾವತ, ಸ್ಲೀಪರ್‌ಗಳಿಗೆ ಇದು ಸಲ್ಲುವುದಿಲ್ಲ. ಗುರುತಿನ ಚೀಟಿ ತೋರಿಸಿದರೆ ಕಂಡಕ್ಟರ್ ಶೂನ್ಯ ಟಿಕೆಟ್ ಕೊಡುತ್ತಾರೆ. ಆ ಟಿಕೆಟಿನ ಲೆಕ್ಕದ ಮೇಲೆ ಸರಕಾರ ನಿಗಮಕ್ಕೆ ಹಣ ತುಂಬಬೇಕು. ಆದ್ದರಿಂದ ಪುಕ್ಕಟೆ ಎಂದು ಟಿಕೆಟ್ ಪಡೆಯದೆ ಕುಳಿತರೆ ನಷ್ಟ ಬಸ್ಸಿಗೇ. ಕೇಳಿ ಪಡೆಯಬೇಕು.

ಈಗ ಕಡಬದ ಅಕ್ಕ ಶೂನ್ಯ ಟಿಕೆಟಿನಲ್ಲಿ ಮಂಗಳೂರಿಗೆ ಹೋಗುತ್ತಾಳೆ, ತಮ್ಮ ಪೂರ್ತಿ ದರ ಕೊಡುತ್ತಾನೆ. ಆ ದರವೂ 2025ರ ಜನವರಿ 5ರಿಂದ ಶೇಕಡಾ 15 ಏರಿದೆ. ಅರವತ್ತು ದಾಟಿದ ತಂದೆಗೆ ಶೇಕಡಾ 25 ರಿಯಾಯಿತಿ ಉಂಟು, ವಯಸ್ಸಿನ ದಾಖಲೆ ಕೈಯಲ್ಲಿರಬೇಕು. ರೈಲ್ವೆ ತನ್ನ ಹಿರಿಯರ ರಿಯಾಯಿತಿಯನ್ನು 2020ರ ಮಾರ್ಚಿನಲ್ಲಿ ನಿಲ್ಲಿಸಿದ್ದನ್ನು ನೆನೆದರೆ ಇದು ಸಣ್ಣ ಉಪಕಾರವಲ್ಲ.

ಸೋಜಿಗವೆಂದರೆ, ಮಹಿಳೆಗೆ ಊರಿನಿಂದ 80 ಕಿಲೋಮೀಟರ್ ಉಚಿತ. ಮಂಗಳೂರಿನ ಬಿಜೈ ನಿಲ್ದಾಣದಲ್ಲಿ ಇಳಿದು ಆಸ್ಪತ್ರೆಗೆ ಹೋಗಬೇಕಾದ ನಾಲ್ಕು ಕಿಲೋಮೀಟರಿಗೆ ದುಡ್ಡು. ನಗರದೊಳಗೆ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಅದೇ ಬೆಂಗಳೂರಿಗೆ ಹೋದವರು ಬಿ.ಎಂ.ಟಿ.ಸಿ.ಯ ಸಾಮಾನ್ಯ ಬಸ್ಸಿನ ದಿನದ ಪಾಸ್ ಪಡೆದು ಇಡೀ ನಗರ ಸುತ್ತಬಹುದು. ಅದರ ಬೆಲೆ 2025ರ ಜನವರಿಯಲ್ಲಿ 70ರಿಂದ 80 ರೂಪಾಯಿಗೆ ಏರಿತು. ದಿನಕ್ಕೆ ಮೂರು ನಾಲ್ಕು ಬಸ್ಸು ಬದಲಿಸುವವರಿಗೆ ಪಾಸ್ ಲಾಭ, ಒಂದೇ ಕಡೆ ಹೋಗಿ ಮರಳುವವರಿಗೆ ಬಿಡಿ ಟಿಕೆಟೇ ಸಾಕು. ಲಂಡನ್ನಿನಲ್ಲಿ ಬಸ್ಸಿಗೂ ನೆಲದಡಿಯ ರೈಲಿಗೂ ಸಲ್ಲುವ ಒಂದೇ ಪಾಸ್ 1983ರಲ್ಲಿಯೇ ಬಂದಿತ್ತು. ಬಸ್ಸೂ ರೈಲೂ ಒಂದೇ ಆಡಳಿತದ ಕೆಳಗಿದ್ದುದರಿಂದ ಅದು ಸಾಧ್ಯವಾಯಿತು. ಬಸ್ಸಿಗೊಬ್ಬ ಮಾಲೀಕನಿದ್ದಲ್ಲಿ ಒಂದೇ ಪಾಸ್ ತರುವುದು ಅಷ್ಟು ಸಲೀಸಲ್ಲ.

ಗಂಡಸರಿಗೆ ಮಂಗಳೂರಿನ ದಾರಿಯಲ್ಲಿ ಅಗ್ಗದ್ದು ರೈಲು. ಹಾಸನ–ಮಂಗಳೂರು ಮೀಟರ್ ಗೇಜ್ ದಾರಿ 1979ರಲ್ಲಿ ಪೂರ್ಣವಾಗಿ ತೆರೆಯಿತು. ತೊಂಬತ್ತರ ದಶಕದಲ್ಲಿ ಗೇಜ್ ಪರಿವರ್ತನೆಗೆಂದು ನಿಂತ ಘಾಟಿ ದಾಟುವ ಪ್ರಯಾಣಿಕರ ರೈಲು 2007ರ ಡಿಸೆಂಬರಿನಲ್ಲಿ ಮರಳಿತು. ಮಂಗಳೂರಿನಿಂದ ಕಬಕ ಪುತ್ತೂರಿನವರೆಗೆ ಬಂದು ಹಿಂದಿರುಗುತ್ತಿದ್ದ ಪ್ಯಾಸೆಂಜರ್ ರೈಲು 2025ರ ಏಪ್ರಿಲಿನಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಬರುತ್ತಿದೆ. ರೈಲಿನ ತಿಂಗಳ ಸೀಸನ್ ಟಿಕೆಟ್ 150 ಕಿಲೋಮೀಟರಿನವರೆಗೆ ಸಿಗುತ್ತದೆ. ಎರಡನೇ ದರ್ಜೆಯಲ್ಲಿ ಸುಮಾರು ಹದಿನೈದು ಒಂದು-ಕಡೆಯ ಟಿಕೆಟುಗಳ ಹಣಕ್ಕೆ ತಿಂಗಳಿಡೀ ಹೋಗಿ ಬರಬಹುದು. ಇಲ್ಲಿ 60ರ ಗೆರೆ ಇಲ್ಲ. ಕಡಬದ ಹತ್ತಿರದ ಕೋಡಿಂಬಾಳದ ಹುಡುಗನಿಗೆ ಇದು ಆದೀತು. ಸುಳ್ಯಕ್ಕೆ ಮಾತ್ರ ರೈಲೇ ಇಲ್ಲ. ಹೊರಗಿನಿಂದ ಬರುವವರು ಒಂದನ್ನು ಗಮನಿಸಬೇಕು: ಸುಬ್ರಹ್ಮಣ್ಯ ರೋಡ್ ನಿಲ್ದಾಣ ಇರುವುದು ನೆಟ್ಟಣದಲ್ಲಿ. ಕುಕ್ಕೆ ಕ್ಷೇತ್ರಕ್ಕೆ ಅಲ್ಲಿಂದ ಮತ್ತೆ ಹತ್ತು ಹನ್ನೆರಡು ಕಿಲೋಮೀಟರ್ ಇದೆ, ಆ ಬಸ್ಸಿನ ಟಿಕೆಟೂ ಬೇರೆ.

ಇನ್ನು ಕಾಸರಗೋಡು. ಸುಳ್ಯದಿಂದ ಜಾಲ್ಸೂರು ದಾಟಿದರೆ ಕೇರಳ. ಅಲ್ಲಿಯ ಬಸ್ಸಿನ ಮೇಲೂ ಕೆ.ಎಸ್.ಆರ್.ಟಿ.ಸಿ. ಎಂದೇ ಇದೆ, ಕೇರಳದ ನಿಗಮ ಆ ಹೆಸರನ್ನು 1965ರಲ್ಲಿ, ಅಂದರೆ ನಮಗಿಂತ ಮೊದಲೇ ಇಟ್ಟುಕೊಂಡಿತ್ತು. ಅಕ್ಷರ ಒಂದೇ ಆದರೂ ಪಾಸ್ ಒಂದಲ್ಲ. ಶಕ್ತಿ ಅಂತರರಾಜ್ಯ ಬಸ್ಸುಗಳಿಗೆ ಅನ್ವಯಿಸುವುದಿಲ್ಲ. ಈಚೆಯಿಂದ ಮುಳ್ಳೇರಿಯಕ್ಕೋ ಆದೂರಿಗೋ ಮದುವೆಯಾಗಿ ಹೋದ ಹೆಣ್ಣುಮಗಳು ತವರಿಗೆ ಬಂದು ಪುತ್ತೂರಿನ ಆಸ್ಪತ್ರೆಗೆ ಬಸ್ಸು ಹತ್ತಿದರೆ, ಪಕ್ಕದ ಸೀಟಿನ ಅಕ್ಕನಿಗೆ ಶೂನ್ಯ ಟಿಕೆಟ್, ಇವಳಿಗೆ ಪೂರ್ತಿ ದರ. ಕಂಡಕ್ಟರ್ ನೋಡುವುದು ಗುರುತಿನ ಚೀಟಿಯ ಮೇಲಿನ ವಿಳಾಸವನ್ನು. ಅದರ ಮೇಲೆ ಕಾಸರಗೋಡು ಜಿಲ್ಲೆ ಎಂದಿರುತ್ತದೆ.