ಮಳೆಗಾಲಕ್ಕೆ ಮುನ್ನ ಶಾಲೆಯ ಸುರಕ್ಷತೆ: ಕುಕ್ಕುಂದೂರು ಹಾಗೂ ಕಾರ್ಕಳ ತಾಲ್ಲೂಕಿನ ಪೋಷಕರು ಮತ್ತು ಸಾರ್ವಜನಿಕರ ಮಾಹಿತಿಗಾಗಿ

1. ಪೀಠಿಕೆ

ಕುಕ್ಕುಂದೂರು ಉಡುಪಿ ಜಿಲ್ಲೆಯ ಕಾರ್ಕಳ ತಾಲ್ಲೂಕಿಗೆ ಸೇರಿದ ಗ್ರಾಮ. ಪಶ್ಚಿಮ ಘಟ್ಟದ ತಪ್ಪಲಿಗೆ ಸಮೀಪವಿರುವ ಈ ಭಾಗದಲ್ಲಿ ವಾರ್ಷಿಕ ಮಳೆಯು ಸಾಮಾನ್ಯವಾಗಿ 4000 ಮಿ.ಮೀ. ಮೀರುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳುಗಳಲ್ಲಿಯೇ ಸುರಿಯುತ್ತದೆ. ಬೇಸಿಗೆ ರಜೆ ಮುಗಿದು ಶಾಲೆಗಳು ಮೇ ತಿಂಗಳ ಕೊನೆಯಲ್ಲಿ ಪುನರಾರಂಭಗೊಂಡರೆ, ಕರಾವಳಿಗೆ ಮುಂಗಾರು ಸಾಮಾನ್ಯವಾಗಿ ಜೂನ್ ಮೊದಲ ವಾರದಲ್ಲಿ ಪ್ರವೇಶಿಸುತ್ತದೆ. ಹೀಗಾಗಿ ಕಟ್ಟಡದ ದೋಷ ಬೆಳಕಿಗೆ ಬರುವ ಹೊತ್ತಿಗೆ ಮಕ್ಕಳು ಅದೇ ಕಟ್ಟಡದೊಳಗೆ ಕುಳಿತಿರುತ್ತಾರೆ.

ಮಳೆ ಆರಂಭವಾದ ಮೇಲೆ ಮಾಡಿನ ದುರಸ್ತಿ ಕಷ್ಟಸಾಧ್ಯ. ಗೋಡೆಯ ದುರಸ್ತಿ ಅಸಾಧ್ಯವೆಂದೇ ಹೇಳಬಹುದು. ಆದುದರಿಂದ ಪರಿಶೀಲನೆ, ಅಂದಾಜುಪಟ್ಟಿ ಮತ್ತು ದುರಸ್ತಿ ಮೂರೂ ಏಪ್ರಿಲ್ ಹಾಗೂ ಮೇ ತಿಂಗಳುಗಳಲ್ಲಿ ಮುಗಿದಿರತಕ್ಕದ್ದು. ಈ ಕುರಿತು ಶಾಲಾ ಸಿಬ್ಬಂದಿ ಅನುಸರಿಸಬೇಕಾದ ಕ್ರಮಗಳನ್ನೂ, ಪೋಷಕರು ಮನವಿ ಸಲ್ಲಿಸುವ ವಿಧಾನವನ್ನೂ ಕೆಳಗೆ ವಿವರಿಸಲಾಗಿದೆ.

2. ಕಾನೂನಿನ ಹಿನ್ನೆಲೆ

2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂ ಪಟ್ಟಣದ ಶಾಲೆಯೊಂದರಲ್ಲಿ ಅಡುಗೆಕೋಣೆಯ ಬೆಂಕಿ ಸೋಗೆಯ ಮಾಡಿಗೆ ಹರಡಿ 94 ಮಕ್ಕಳು ಮೃತಪಟ್ಟರು. ಈ ದುರಂತದ ಹಿನ್ನೆಲೆಯಲ್ಲಿ ಸಲ್ಲಿಕೆಯಾದ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು 2009ರ ಏಪ್ರಿಲ್ 13ರಂದು ತೀರ್ಪು ನೀಡಿತು. ಸುರಕ್ಷಿತ ಕಟ್ಟಡದಲ್ಲಿ ಕಲಿಯುವುದು ಶಿಕ್ಷಣದ ಹಕ್ಕಿನ ಭಾಗವೆಂದು ಅದು ಸ್ಪಷ್ಟಪಡಿಸಿತು. ಸರ್ಕಾರಿ ಹಾಗೂ ಖಾಸಗಿ ಶಾಲೆಗಳೆರಡಕ್ಕೂ ಅನ್ವಯವಾಗುವಂತೆ ಅಗ್ನಿಶಾಮಕ ಉಪಕರಣ, ಸಿಬ್ಬಂದಿಯ ತರಬೇತಿ ಮತ್ತು ಕಟ್ಟಡದ ದೃಢತೆಯ ಪರಿಶೀಲನೆಯ ಕುರಿತು ನಿರ್ದೇಶನ ನೀಡಿತು.

2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ, 2009ರ ಅನುಸೂಚಿಯ ಪ್ರಕಾರ ಪ್ರತಿ ಶಾಲೆಗೆ ಎಲ್ಲ ಋತುಗಳಿಗೂ ತಕ್ಕುದಾದ ಕಟ್ಟಡ, ಬಾಲಕರಿಗೂ ಬಾಲಕಿಯರಿಗೂ ಪ್ರತ್ಯೇಕ ಶೌಚಾಲಯ, ಶುದ್ಧ ಕುಡಿಯುವ ನೀರು, ಅಡೆತಡೆಯಿಲ್ಲದ ಪ್ರವೇಶ ಹಾಗೂ ಆವರಣ ಗೋಡೆ ಅಥವಾ ಬೇಲಿ ಇರತಕ್ಕದ್ದು. ಕರಾವಳಿಯ ಮಟ್ಟಿಗೆ ‘ಎಲ್ಲ ಋತುಗಳಿಗೂ ತಕ್ಕುದಾದ ಕಟ್ಟಡ’ ಎಂದರೆ, ಜುಲೈ ತಿಂಗಳಲ್ಲಿಯೂ ಸೋರದೆ ನಿಲ್ಲುವ ಕಟ್ಟಡವೆಂದೇ ಅರ್ಥ.

3. ಕಟ್ಟಡದ ಪರಿಶೀಲನೆ

ಈ ಭಾಗದ ಅನೇಕ ಹಳೆಯ ಶಾಲೆಗಳು ಮುರಕಲ್ಲಿನ ಗೋಡೆ, ಮರದ ಪಕ್ಕಾಸು ಮತ್ತು ಮಂಗಳೂರು ಹಂಚಿನ ಮಾಡನ್ನು ಹೊಂದಿವೆ. ಇಂತಹ ಕಟ್ಟಡವು ಸಕಾಲದಲ್ಲಿ ಆರೈಕೆ ಪಡೆದರೆ ದೀರ್ಘಕಾಲ ಬಾಳುತ್ತದೆ. ಒಂದೆರಡು ಮಳೆಗಾಲ ಕಡೆಗಣಿಸಿದರೂ ಸಾಕು, ಶಿಥಿಲಗೊಳ್ಳುತ್ತದೆ.

ಮಾಡು: ಒಡೆದ ಹಂಚಿನಿಂದ ಇಳಿಯುವ ನೀರು ಮೊದಲು ರೀಪನ್ನೂ ಬಳಿಕ ಪಕ್ಕಾಸನ್ನೂ ಕೊಳೆಸುತ್ತದೆ. ಪಕ್ಕಾಸು ಗೋಡೆಯ ಮೇಲೆ ಕೂರುವ ಭಾಗವು ಎಲ್ಲಕ್ಕಿಂತ ಮೊದಲು ದುರ್ಬಲವಾಗುತ್ತದೆ. ಆ ಭಾಗವನ್ನು ತಟ್ಟಿ ನೋಡಿದಾಗ ಟೊಳ್ಳು ಸದ್ದು ಬಂದರೆ ಅಥವಾ ಮೊನಚಾದ ಉಪಕರಣವು ಸುಲಭವಾಗಿ ಒಳಹೊಕ್ಕರೆ ಆ ಮರವನ್ನು ಬದಲಿಸತಕ್ಕದ್ದು. ಗೆದ್ದಲಿನ ಮಣ್ಣಿನ ಜಾಡು ಕಂಡಲ್ಲಿಯೂ ಇದೇ ಕ್ರಮ ಅನ್ವಯಿಸುತ್ತದೆ. ಹಂಚು ಕೈಯಾಡಿಸುವ ಕೆಲಸವನ್ನು ಅನುಭವಿ ಕೆಲಸಗಾರರಿಂದಲೇ ಮಾಡಿಸತಕ್ಕದ್ದು. ಶಿಕ್ಷಕರಾಗಲೀ ವಿದ್ಯಾರ್ಥಿಗಳಾಗಲೀ ಮಾಡಿನ ಮೇಲೆ ಹತ್ತಕೂಡದು.

ಗೋಡೆ: ಗಾರೆ ಕಿತ್ತುಹೋದ ಮುರಕಲ್ಲು ಮಳೆಯ ಎರಚಲಿಗೆ ಸಿಕ್ಕಿ ಕ್ರಮೇಣ ಸವೆಯುತ್ತದೆ. ಬಿರುಕು ಕಂಡಲ್ಲಿ ಅದರ ಎರಡೂ ತುದಿಗಳಿಗೆ ಪೆನ್ಸಿಲಿನಿಂದ ಗೆರೆ ಎಳೆದು ದಿನಾಂಕ ಬರೆಯತಕ್ಕದ್ದು. ಬಿರುಕು ಗೆರೆಯನ್ನು ದಾಟಿ ಮುಂದುವರಿದಿದ್ದರೆ ಅದು ಬೆಳೆಯುತ್ತಿದೆಯೆಂದು ತಿಳಿಯಬೇಕು. ಬಾಗಿಲು ಅಥವಾ ಕಿಟಕಿಯ ಮೂಲೆಯಿಂದ ಓರೆಯಾಗಿ ಸಾಗುವ ಬಿರುಕು, ಹೊರಕ್ಕೆ ವಾಲಿದ ಗೋಡೆ, ಕಾಂಕ್ರೀಟ್ ಛಾವಣಿಯಲ್ಲಿ ಕಾಣುವ ತುಕ್ಕಿನ ಕಲೆ ಹಾಗೂ ಉದುರುವ ಚಕ್ಕೆ ಇವೆಲ್ಲವನ್ನೂ ಎಂಜಿನಿಯರರಿಗೆ ತೋರಿಸತಕ್ಕದ್ದು.

ಪಾಗಾರ: ಒಂದು ಬದಿಯಲ್ಲಿ ಮಣ್ಣು ತುಂಬಿರುವ ಆವರಣ ಗೋಡೆಗೆ ನೀರು ಹೊರಹೋಗುವ ತೂತುಗಳಿಲ್ಲದಿದ್ದರೆ, ನೆನೆದ ಮಣ್ಣಿನ ಭಾರಕ್ಕೆ ಗೋಡೆ ಮುನ್ಸೂಚನೆಯಿಲ್ಲದೆ ಕುಸಿಯಬಹುದು. ಮಳೆಗಾಲದಲ್ಲಿ ಇಂತಹ ಗೋಡೆಯ ಬದಿಯಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸುವುದು ಅಥವಾ ಊಟಕ್ಕೆ ಕೂರಿಸುವುದು ಸಲ್ಲದು.

ಸಂಶಯವಿರುವ ಕೊಠಡಿಗೆ ಬೀಗ ಹಾಕಿ ‘ಪ್ರವೇಶವಿಲ್ಲ’ ಎಂಬ ಫಲಕ ತೂಗುಹಾಕತಕ್ಕದ್ದು. ಅದನ್ನು ದಾಸ್ತಾನು ಕೊಠಡಿಯಾಗಿಯೂ ಬಳಸಕೂಡದು. ಪುಸ್ತಕ ಅಥವಾ ಆಟದ ಸಾಮಗ್ರಿ ತರಲು ಮಕ್ಕಳೇ ಅಲ್ಲಿಗೆ ಹೋಗುವ ಸಂಭವವಿರುತ್ತದೆ.

4. ವಿದ್ಯುತ್ ಮತ್ತು ಬೆಂಕಿ

ಒದ್ದೆ ಗೋಡೆಯಲ್ಲಿ ಹಾದುಹೋಗುವ ಹಳೆಯ ತಂತಿ ಮಳೆಗಾಲದ ಪ್ರಮುಖ ಅಪಾಯಗಳಲ್ಲೊಂದು. ಸ್ವಿಚ್ ಬೋರ್ಡ್, ಅರ್ಥಿಂಗ್ ಮತ್ತು ನೀರಿನ ಪಂಪ್‌ಸೆಟ್ಟನ್ನು ಪರವಾನಗಿ ಪಡೆದ ಎಲೆಕ್ಟ್ರಿಷಿಯನ್‌ರಿಂದ ಪರೀಕ್ಷಿಸಿ, 30 ಮಿಲಿ ಆಂಪಿಯರ್ ಸೋರಿಕೆಗೆ ವಿದ್ಯುತ್ ಕಡಿತಗೊಳಿಸುವ ಸಾಧನವನ್ನು ಅಳವಡಿಸುವುದು ಸೂಕ್ತ. ತುಂಡಾಗಿ ಬಿದ್ದ ತಂತಿಯನ್ನು ಯಾರೂ ಮುಟ್ಟದಂತೆ ಕಾವಲಿದ್ದು ಮೆಸ್ಕಾಂಗೆ ತಿಳಿಸತಕ್ಕದ್ದು.

ಅಗ್ನಿಶಾಮಕ ಉಪಕರಣವು ಮುಖ್ಯೋಪಾಧ್ಯಾಯರ ಕೊಠಡಿಯ ಕಪಾಟಿನಲ್ಲಿದ್ದರೆ ಪ್ರಯೋಜನವಿಲ್ಲ. ಅದು ಅಡುಗೆಕೋಣೆಯ ಹೊರಬಾಗಿಲಿನ ಬಳಿ ಕೈಗೆಟಕುವಂತಿರಬೇಕು. ಅದನ್ನು ಬಳಸುವ ವಿಧಾನ ಕನಿಷ್ಠ ಇಬ್ಬರಿಗಾದರೂ ತಿಳಿದಿರಬೇಕು. ತೆರವು ಅಭ್ಯಾಸ ನಡೆಸುವಾಗ ಶಿಕ್ಷಕರು ಹಾಜರಿ ಪುಸ್ತಕವನ್ನು ಜೊತೆಗೆ ತಂದು, ಮೈದಾನದಲ್ಲಿ ಹೆಸರು ಕರೆದು ಲೆಕ್ಕ ತಾಳೆ ನೋಡತಕ್ಕದ್ದು.

5. ಅಡುಗೆಕೋಣೆ

ಅಕ್ಷರ ದಾಸೋಹ ಯೋಜನೆಯು 2002ರಲ್ಲಿ ರಾಜ್ಯದ ಕೆಲವು ಜಿಲ್ಲೆಗಳಲ್ಲಿ ಆರಂಭವಾಗಿ 2003ರಲ್ಲಿ ಉಳಿದ ಜಿಲ್ಲೆಗಳಿಗೆ ವಿಸ್ತರಣೆಗೊಂಡಿತು. ಅಂದಿನಿಂದ ಅಡುಗೆಕೋಣೆಯೂ ಶಾಲೆಯ ಅವಿಭಾಜ್ಯ ಅಂಗವಾಗಿದೆ. 2013ರ ಜುಲೈನಲ್ಲಿ ಬಿಹಾರದ ಸಾರಣ್ ಜಿಲ್ಲೆಯಲ್ಲಿ ಕೀಟನಾಶಕ ಬೆರೆತ ಊಟ ಸೇವಿಸಿ 23 ಮಕ್ಕಳು ಮೃತಪಟ್ಟರು. 2023ರ ನವೆಂಬರ್‌ನಲ್ಲಿ ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿನಲ್ಲಿ ಎರಡನೇ ತರಗತಿಯ ಬಾಲಕಿಯೊಬ್ಬಳು ಬಿಸಿ ಸಾಂಬಾರಿನ ಪಾತ್ರೆಗೆ ಬಿದ್ದು ಅಸುನೀಗಿದಳು. ಈ ಎರಡು ಘಟನೆಗಳಿಂದ ಕಲಿಯಬೇಕಾದ ಪಾಠಗಳು ಇಂತಿವೆ:

(ಅ) ಎಣ್ಣೆ, ಬೇಳೆ, ಅಕ್ಕಿಯ ಬಳಿ ಫಿನಾಯಿಲ್, ಕೀಟನಾಶಕ, ಬ್ಲೀಚಿಂಗ್ ಪುಡಿ ಇಡಕೂಡದು. ಅವುಗಳ ಖಾಲಿ ಡಬ್ಬಿಗಳನ್ನು ಆಹಾರಕ್ಕೆ ಬಳಸಕೂಡದು.
(ಆ) ಬಡಿಸುವ ಮೊದಲು ಒಬ್ಬ ಶಿಕ್ಷಕರನ್ನು ಒಳಗೊಂಡಂತೆ ಇಬ್ಬರು ಮೂವರು ವಯಸ್ಕರು ಊಟದ ರುಚಿ ನೋಡಿ ದಾಖಲಿಸತಕ್ಕದ್ದು.
(ಇ) ಬಿಸಿ ಪಾತ್ರೆಯನ್ನು ಮಕ್ಕಳು ಓಡಾಡುವ ಜಗಲಿಯಲ್ಲಿ ಇಡಕೂಡದು. ಮಕ್ಕಳಿಂದ ಹೊರಿಸಲೂ ಕೂಡದು.
(ಈ) ಅಡುಗೆ ಸಿಬ್ಬಂದಿ ಒಲೆಯ ಬಳಿ ಹತ್ತಿಯ ಉಡುಪು ಧರಿಸುವುದು ಸೂಕ್ತ. ಸೆರಗನ್ನು ಬಿಗಿಯಾಗಿ ಸಿಕ್ಕಿಸಿಕೊಂಡಿರಬೇಕು. ಜ್ವರ ಅಥವಾ ಭೇದಿ ಇರುವ ದಿನ ಅವರಿಗೆ ಅಡುಗೆಯ ಕೆಲಸ ವಹಿಸಕೂಡದು.
(ಉ) ಅಡುಗೆ ಅನಿಲವು ಗಾಳಿಗಿಂತ ಭಾರವಾದುದರಿಂದ ನೆಲಮಟ್ಟದಲ್ಲಿ ಶೇಖರಗೊಳ್ಳುತ್ತದೆ. ವಾಸನೆ ಬಂದಾಗ ಯಾವ ಸ್ವಿಚ್ಚನ್ನೂ ಮುಟ್ಟದೆ, ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು ಎಲ್ಲರೂ ಹೊರಬರತಕ್ಕದ್ದು.

6. ಕುಡಿಯುವ ನೀರು ಮತ್ತು ಆರೋಗ್ಯ

ಮೊದಲ ಮಳೆಗೆ ಬಾವಿಯ ನೀರು ಕದಡುತ್ತದೆ. ಸಾಮಾನ್ಯವಾಗಿ 1000 ಲೀಟರ್ ನೀರಿಗೆ ಉತ್ತಮ ಗುಣಮಟ್ಟದ ಬ್ಲೀಚಿಂಗ್ ಪುಡಿ 2.5 ಗ್ರಾಂ ಬೇಕಾಗುತ್ತದೆ. ಉದಾಹರಣೆಗೆ, 3 ಮೀಟರ್ ವ್ಯಾಸದ ಬಾವಿಯಲ್ಲಿ 4 ಮೀಟರ್ ನೀರಿದ್ದರೆ ಅದು ಸುಮಾರು 28,000 ಲೀಟರ್ ಆಗುತ್ತದೆ. ಅದಕ್ಕೆ ಸುಮಾರು 70 ಗ್ರಾಂ ಪುಡಿ ಸಾಕು. ಪುಡಿಯನ್ನು ಬಕೆಟ್‌ನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿನೀರನ್ನು ಮಾತ್ರ ಬಾವಿಗೆ ಸೇರಿಸಿ ಚೆನ್ನಾಗಿ ಬೆರೆಸತಕ್ಕದ್ದು. ಒಂದು ಗಂಟೆಯವರೆಗೆ ಆ ನೀರನ್ನು ಬಳಸಕೂಡದು. ನೀರು ಹೆಚ್ಚು ಕದಡಿದ್ದಲ್ಲಿ ಪ್ರಮಾಣದ ಬಗ್ಗೆ ಆರೋಗ್ಯ ಸಿಬ್ಬಂದಿಯ ಸಲಹೆ ಪಡೆಯಬೇಕು. ಬಾವಿಗೆ ಕಟ್ಟೆ ಮತ್ತು ಕಬ್ಬಿಣದ ಜಾಲರಿ ಕಡ್ಡಾಯವಾಗಿ ಇರಬೇಕು.

ಇಲಿಗಳ ಮೂತ್ರದಿಂದ ಕಲುಷಿತವಾದ ನೀರಿನ ಮೂಲಕ ಇಲಿಜ್ವರ ಹರಡುತ್ತದೆ. ಕಾಲಿನಲ್ಲಿ ಗಾಯವಿರುವ ಮಕ್ಕಳು ನಿಂತ ನೀರಿನಲ್ಲಿ ನಡೆಯದಂತೆ ನೋಡಿಕೊಳ್ಳಬೇಕು. ಡೆಂಗಿ ತಡೆಗಾಗಿ ತೊಟ್ಟಿ, ಹೂಕುಂಡ ಮತ್ತು ಒಡೆದ ಹಂಚಿನ ರಾಶಿಯಲ್ಲಿ ನಿಂತ ನೀರನ್ನು ವಾರಕ್ಕೊಮ್ಮೆ ಚೆಲ್ಲತಕ್ಕದ್ದು.

7. ಹಾವು, ಸಿಡಿಲು ಮತ್ತು ಶಾಲೆಯ ದಾರಿ

ಕಲ್ಲು, ಹಂಚು, ಸೌದೆಯ ರಾಶಿಗಳು ಹಾವುಗಳಿಗೆ ಆಶ್ರಯವಾಗುತ್ತವೆ. ಅವನ್ನು ಶಾಲೆಯ ಗೋಡೆಯಿಂದ ದೂರವಿಡಬೇಕು. ಹಾವು ಕಚ್ಚಿದಲ್ಲಿ ಬಿಗಿಯಾಗಿ ಕಟ್ಟುವುದು, ಕುಯ್ಯುವುದು, ಬಾಯಿಂದ ಹೀರುವುದು ಸಲ್ಲದು. ಕಚ್ಚಿದ ಅಂಗ ಅಲುಗಾಡದಂತೆ ನೋಡಿಕೊಂಡು, ಪ್ರತಿವಿಷ ಚುಚ್ಚುಮದ್ದು ಲಭ್ಯವಿರುವ ಆಸ್ಪತ್ರೆಗೆ ಕೂಡಲೇ ಸಾಗಿಸತಕ್ಕದ್ದು. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತವು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವಾಗಿದೆ.

ಗುಡುಗು ಕೇಳಿಸಿದೊಡನೆ ಮೈದಾನದಲ್ಲಿರುವ ಮಕ್ಕಳನ್ನು ಕಟ್ಟಡದೊಳಗೆ ಕರೆಯತಕ್ಕದ್ದು. ಮರದ ಕೆಳಗೆ ನಿಲ್ಲಿಸಕೂಡದು.

2022ರ ಆಗಸ್ಟ್‌ನಲ್ಲಿ ಇದೇ ಜಿಲ್ಲೆಯ ಬೈಂದೂರು ತಾಲ್ಲೂಕಿನ ಕಾಲ್ತೋಡು ಗ್ರಾಮದಲ್ಲಿ, ಶಾಲೆಯಿಂದ ಮನೆಗೆ ಮರಳುತ್ತಿದ್ದ ಎರಡನೇ ತರಗತಿಯ ಬಾಲಕಿಯೊಬ್ಬಳು ಕಾಲುಸಂಕದಿಂದ ಜಾರಿ ನೀರುಪಾಲಾದಳು. ಶಾಲೆಯ ಸುರಕ್ಷತೆ ಗೇಟಿನ ಬಳಿ ಕೊನೆಗೊಳ್ಳುವುದಿಲ್ಲವೆಂಬುದಕ್ಕೆ ಈ ಘಟನೆ ಸಾಕ್ಷಿ. ಪ್ರತಿ ತರಗತಿ ಶಿಕ್ಷಕರ ಬಳಿ ತೋಡು, ಕಾಲುಸಂಕ ಅಥವಾ ಕಲ್ಲುಕೋರೆಯ ಹೊಂಡದ ಬದಿಯಿಂದ ಬರುವ ಮಕ್ಕಳ ಪಟ್ಟಿ ಇರತಕ್ಕದ್ದು. ಭಾರೀ ಮಳೆಯ ದಿನ ಶಾಲೆಯನ್ನು ಬೇಗ ಬಿಟ್ಟಲ್ಲಿ, ಈ ಪಟ್ಟಿಯಲ್ಲಿರುವ ಮಕ್ಕಳನ್ನು ಮನೆಯವರು ಬರುವ ತನಕ ಶಾಲೆಯಲ್ಲಿಯೇ ಉಳಿಸಿಕೊಳ್ಳತಕ್ಕದ್ದು.

8. ಪೋಷಕರು ಮನವಿ ಸಲ್ಲಿಸುವ ವಿಧಾನ

(1) ಸರ್ಕಾರಿ ಶಾಲೆಯಾಗಿದ್ದಲ್ಲಿ ಮುಖ್ಯೋಪಾಧ್ಯಾಯರಿಗೆ ಹಾಗೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಅಧ್ಯಕ್ಷರಿಗೆ ಲಿಖಿತ ಮನವಿ ಸಲ್ಲಿಸಬೇಕು. ಕಾಯ್ದೆಯ ಪ್ರಕಾರ ಇಂತಹ ಸಮಿತಿಯ ಸದಸ್ಯರಲ್ಲಿ ಕನಿಷ್ಠ ಶೇ. 75ರಷ್ಟು ಮಂದಿ ಪೋಷಕರಾಗಿರಬೇಕು, ಶೇ. 50ರಷ್ಟು ಮಹಿಳೆಯರಿರಬೇಕು.
(2) ಮನವಿಯಲ್ಲಿ ಕೊಠಡಿಯ ಗುರುತು, ದೋಷದ ಸ್ವರೂಪ, ಅದು ಮೊದಲು ಕಂಡ ದಿನಾಂಕ ಇವನ್ನು ನಮೂದಿಸಿ ಛಾಯಾಚಿತ್ರ ಲಗತ್ತಿಸಬೇಕು. ಸ್ವೀಕೃತಿ ಪಡೆಯಲು ಮರೆಯಬಾರದು.
(3) ಪ್ರತಿಯನ್ನು ಕಾರ್ಕಳದ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಸಲ್ಲಿಸಬೇಕು. ಕಾಲುಸಂಕ, ಚರಂಡಿ, ತೆರೆದ ಹೊಂಡಗಳ ಬಗ್ಗೆ ಗ್ರಾಮ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೂ, ಅಪಾಯಕಾರಿ ಮರಗಳ ಬಗ್ಗೆ ಅರಣ್ಯ ಇಲಾಖೆಗೂ ಬರೆಯಬೇಕು.
(4) ಖಾಸಗಿ ಶಾಲೆಯಾಗಿದ್ದಲ್ಲಿ ಕಟ್ಟಡ ಸುರಕ್ಷತೆ ಹಾಗೂ ಅಗ್ನಿ ಸುರಕ್ಷತೆಯ ಪ್ರಮಾಣಪತ್ರಗಳನ್ನು ತೋರಿಸುವಂತೆ ಆಡಳಿತ ಮಂಡಳಿಯನ್ನು ಕೋರಬಹುದು.
(5) ಕ್ರಮ ಜರುಗದಿದ್ದಲ್ಲಿ ಶಿಕ್ಷಣ ಹಕ್ಕು ಕಾಯ್ದೆಯ 32ನೇ ಪ್ರಕರಣದಡಿ ಸ್ಥಳೀಯ ಪ್ರಾಧಿಕಾರಕ್ಕೆ ದೂರು ನೀಡಬಹುದು. ದೂರನ್ನು ಮೂರು ತಿಂಗಳೊಳಗೆ ತೀರ್ಮಾನಿಸಬೇಕು. ಮೇಲ್ಮನವಿಯನ್ನು ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಸಲ್ಲಿಸಬಹುದು.
(6) ಪರಿಶೀಲನಾ ವರದಿಯ ಪ್ರತಿಯನ್ನು ಮಾಹಿತಿ ಹಕ್ಕು ಕಾಯ್ದೆ, 2005ರಡಿ ರೂ. 10 ಶುಲ್ಕ ಪಾವತಿಸಿ ಕೋರಬಹುದು. ಸಾಮಾನ್ಯ ಅವಧಿ 30 ದಿನಗಳು. ವ್ಯಕ್ತಿಯ ಜೀವಕ್ಕೆ ಸಂಬಂಧಿಸಿದ ಮಾಹಿತಿಯನ್ನು 48 ಗಂಟೆಗಳೊಳಗೆ ನೀಡತಕ್ಕದ್ದು.

ದೂರು ತೀರ್ಮಾನವಾಗಲು ಮೂರು ತಿಂಗಳವರೆಗೆ ಹಿಡಿಯಬಹುದಾದುದರಿಂದ, ಮನವಿಯನ್ನು ಫೆಬ್ರವರಿಯೊಳಗೆ ಸಲ್ಲಿಸುವುದು ಒಳಿತು. ಜೂನ್ ತಿಂಗಳಲ್ಲಿ ಸಲ್ಲಿಸಿದ ಮನವಿಗೆ ಆ ಮಳೆಗಾಲದಲ್ಲಿ ಪರಿಹಾರ ದೊರೆಯುವುದು ಕಷ್ಟ.

9. ತುರ್ತು ದೂರವಾಣಿ ಸಂಖ್ಯೆಗಳು

ಎಲ್ಲ ತುರ್ತು ಸೇವೆಗಳು: 112
ಆಂಬುಲೆನ್ಸ್: 108
ಅಗ್ನಿಶಾಮಕ ಠಾಣೆ: 101
ಮಕ್ಕಳ ಸಹಾಯವಾಣಿ: 1098
ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿ: 1077
ಮೆಸ್ಕಾಂ: 1912
ಅಡುಗೆ ಅನಿಲ ಸೋರಿಕೆ: 1906

ಈ ಸಂಖ್ಯೆಗಳನ್ನು ಶಾಲೆಯ ಜಗಲಿಯಲ್ಲಿ ಮಕ್ಕಳಿಗೂ ಓದಲು ಬರುವಂತೆ ದೊಡ್ಡ ಅಕ್ಷರಗಳಲ್ಲಿ ಬರೆಯಿಸತಕ್ಕದ್ದು.